ಬಿಸಿ ತಡೆಯುವ ಝೈಲನೇಸ್ ಸೆಲ್ಯುಲೋಸ್ ಮುಟ್ಟಲ್ಲ ಯಾಕೆ? (ಅಡಿಕೆ ಸಿಪ್ಪೆ ರಾಶಿಯಿಂದ ಬಂದ ಪ್ರಶ್ನೆ)

ಮಂಡಗದ್ದೆ_ಹಕ್ಕಿ
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಎಂಎಸ್ಸಿ ಬಯೋಟೆಕ್ನಾಲಜಿ, ಕೊನೇ ಸೆಮಿಸ್ಟರ್. ಪ್ರಾಜೆಕ್ಟಿಗೆ ಅಂತ ನಮ್ಮನೆ ತೋಟದ ಅಡಿಕೆ ಸಿಪ್ಪೆ ಗೊಬ್ಬರದ ರಾಶಿಯಿಂದಲೇ ಬ್ಯಾಕ್ಟೀರಿಯಾ ಬೇರ್ಪಡಿಸಿದ್ದೇನೆ. ರಾಶಿ ನಡುವಿಗೆ ಥರ್ಮಾಮೀಟರ್ ಚುಚ್ಚಿದ್ರೆ 60 ಡಿಗ್ರಿ ದಾಟ್ತದೆ. ಸಿಕ್ಕಿದ್ದು ಬ್ಯಾಸಿಲಸ್ ಗುಂಪಿನ ಒಂದು. ಅದು ಹೊರಗೆ ಬಿಡೋ ಕಿಣ್ವ 60 ಡಿಗ್ರಿಯಲ್ಲಿ ಝೈಲಾನ್ ಅನ್ನ, ಅಂದ್ರೆ ಗಿಡದ ನಾರಲ್ಲಿ ಸೆಲ್ಯುಲೋಸ್ ಜೊತೆ ಇರೋ ಇನ್ನೊಂದು ಸಕ್ಕರೆ ಸರಪಳಿಯನ್ನ, ಚೆನ್ನಾಗಿ ಕತ್ತರಿಸ್ತದೆ; ಅದಕ್ಕೇ ಝೈಲನೇಸ್ ಅನ್ನೋದು. ಸೆಲ್ಯುಲೋಸ್ ಪುಡಿ ಕೊಟ್ರೆ ಎಂತದೂ ಇಲ್ಲ. ಆದ್ರೆ ನೀರಲ್ಲಿ ಕರಗೋ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್, ಅಂದ್ರೆ ಸಿಎಂಸಿ, ಕೊಟ್ರೆ ಒಂಚೂರು ಸಕ್ಕರೆ ಬರ್ತದೆ.

ನನ್ನ ಪ್ರಶ್ನೆ ಇದು. ಝೈಲಾನ್‌ನಲ್ಲೂ ಬೀಟಾ-1,4 ಬಂಧ, ಸೆಲ್ಯುಲೋಸ್‌ನಲ್ಲೂ ಬೀಟಾ-1,4 ಬಂಧ; ಸಕ್ಕರೆಗಳನ್ನ ಜೋಡಿಸೋ ಕೊಂಡಿ ಒಂದೇ ಥರದ್ದು. ಕಿಣ್ವಕ್ಕೆ ವ್ಯತ್ಯಾಸ ಹೇಗೆ ಗೊತ್ತಾಗ್ತದೆ? ಕ್ಲಾಸಲ್ಲಿ ಹೇಳಿದ್ದು: "ಬಿಸಿ ತಡೆಯೋ ಕಿಣ್ವದ ರಚನೆ ಬಿಗಿ, ಬಿಗಿ ಇರೋದ್ರಿಂದಲೇ ಒಂದೇ ಸಬ್‌ಸ್ಟ್ರೇಟ್ (ಕಿಣ್ವ ಹಿಡಿದು ಕೆಲಸ ಮಾಡೋ ಅಣು) ಒಪ್ತದೆ." ವೈವಾದಲ್ಲಿ ಹೀಗೇ ಹೇಳಿದ್ರೆ ನಿಲ್ತದಾ?

ಸಿಪ್ಪೆರಾಶಿ_ಸಾಗರ
ಓದ್ತಾ ಇದೀನಿ ತಂಗಿ. ಸಿಪ್ಪೆ ವಿಷಯ ಅಂದ್ರೆ ನಮಗೆ ಬೇಕು.

ಬಿಗಿಪಟ್ಟು
ಕ್ಲಾಸಲ್ಲಿ ಹೇಳಿದ್ದು ಸರಿ. ಬಿಸಿ ನೀರಿನ ಜೀವಿಗಳ ಕಿಣ್ವಗಳಲ್ಲಿ ಅಯಾನು ಜೋಡಿಗಳು (ವಿರುದ್ಧ ವಿದ್ಯುದಂಶದ ಗುಂಪುಗಳ ಕೊಂಡಿ) ಜಾಸ್ತಿ, ಒಳಗಿನ ಪ್ಯಾಕಿಂಗ್ ಒತ್ತಾಗಿರ್ತದೆ, ಲೂಪ್‌ಗಳು ಚಿಕ್ಕವು. ಅದಕ್ಕೇ 25 ಡಿಗ್ರಿಯಲ್ಲಿ ಅವು ಸೋಮಾರಿಗಳು. ಅಲುಗಾಟ ಕಡಿಮೆ ಇದ್ದಲ್ಲಿ ಬೇರೆ ಅಣು ಒಳಗೆ ಹೊಂದಿಕೊಳ್ಳೋಕೆ ಅವಕಾಶ ಎಲ್ಲಿ?

ತುಂಗೆಯ_ಆಚೆದಡ
ಕೊಪ್ಪದವನು. ಬೆಂಗಳೂರಲ್ಲಿ ಪ್ರೋಟೀನ್ ರಚನೆ ಕೆಲಸದಲ್ಲಿದ್ದೇನೆ. ಬಿಗಿಪಟ್ಟು ಅವರು ಬಿಸಿ ತಡೆಯೋ ಗುಣದ ಬಗ್ಗೆ ಹೇಳಿದ್ದೆಲ್ಲ ಸರಿ. ಅಲ್ಲಿಂದ "ಆದ್ದರಿಂದ ಒಂದೇ ಸಬ್‌ಸ್ಟ್ರೇಟ್" ಅಂತ ಜಿಗಿದದ್ದು ಸರಿಯಲ್ಲ. ಕಿಣ್ವದ ಮೈ ಬಿಸಿಗೆ ಬಿಚ್ಚದ ಹಾಗೆ ಇರೋದು ಒಂದು ಕೆಲಸ. ಯಾವ ಅಣು ಒಳಗೆ ಕೂರಬೇಕು ಅನ್ನೋದು ಇನ್ನೊಂದು ಕೆಲಸ. ಬಹಳ ಸಲ ಈ ಎರಡನ್ನೂ ಮಾಡೋ ಅಮಿನೋ ಆಮ್ಲಗಳೇ ಬೇರೆ ಬೇರೆ.

ಮೊದಲು ಝೈಲಾನ್. ಗ್ಲೂಕೋಸ್‌ಗೆ ಆರು ಕಾರ್ಬನ್, ಝೈಲೋಸ್‌ಗೆ ಐದು. ಗ್ಲೂಕೋಸ್‌ನ ಉಂಗುರದಿಂದ ಹೊರಗೆ ಚಾಚಿರೋ ಆರನೇ ಕಾರ್ಬನ್ ಮತ್ತು ಅದರ ಹೈಡ್ರಾಕ್ಸಿಲ್ ಝೈಲೋಸ್‌ನಲ್ಲಿ ಇಲ್ಲ. ಉಳಿದದ್ದೆಲ್ಲ ಹೆಚ್ಚುಕಡಿಮೆ ಒಂದೇ. ಝೈಲನೇಸ್‌ನಲ್ಲಿ ಸಕ್ಕರೆ ಸರಪಳಿ ಕೂರೋ ಸೀಳಿನಲ್ಲಿ, ಬಂಧ ಕತ್ತರಿಸೋ ಜಾಗದ ಪಕ್ಕದಲ್ಲಿ, ಆ ಆರನೇ ಕಾರ್ಬನ್ ಇಡೋಕೆ ಜಾಗವೇ ಇರೋದಿಲ್ಲ. ಅಮಿನೋ ಆಮ್ಲಗಳ ದೊಡ್ಡ ಪಾರ್ಶ್ವಗುಂಪುಗಳು, ಮುಖ್ಯವಾಗಿ ಟ್ರಿಪ್ಟೋಫಾನ್‌ನಂಥವು, ಅಲ್ಲಿ ಅಡ್ಡ ಬರ್ತವೆ. ಗ್ಲೂಕೋಸ್ ಸರಪಳಿ ಕೂರೋಕೆ ಹೋದ್ರೆ ಡಿಕ್ಕಿ.

ಇನ್ನೊಂದು ವಿಷಯ ವಿದ್ಯಾರ್ಥಿಗಳು ಬಿಟ್ಟುಬಿಡ್ತಾರೆ: ಸರಪಳಿಯ ತಿರುಚು. ಸೆಲ್ಯುಲೋಸ್‌ನಲ್ಲಿ ಪ್ರತಿ ಸಕ್ಕರೆ ಹಿಂದಿನದಕ್ಕಿಂತ 180 ಡಿಗ್ರಿ ತಿರುಗಿರ್ತದೆ, ಹಾಗಾಗಿ ಚಪ್ಪಟೆ ಪಟ್ಟಿ. ಝೈಲಾನ್ ಸಾಮಾನ್ಯವಾಗಿ ಮೂರು ಸಕ್ಕರೆಗೆ ಒಂದು ಸುತ್ತು. ಸೀಳು ಆ ತಿರುಚಿಗೆ ತಕ್ಕ ಹಾಗೆ ಬಾಗಿರ್ತದೆ. ಬಂಧ ಒಂದೇ ಆದ್ರೂ ಕಿಣ್ವ ಹಿಡಿಯೋದು ಬಂಧವನ್ನಷ್ಟೇ ಅಲ್ಲ, ಅದರ ಎರಡೂ ಕಡೆಯ ಹಲವು ಸಕ್ಕರೆಗಳನ್ನ.

ಮಂಡಗದ್ದೆ_ಹಕ್ಕಿ
ತುಂಬಾ ಥ್ಯಾಂಕ್ಸ್ ಸರ್. ಹಾಗಾದ್ರೆ ಸೆಲ್ಯುಲೋಸ್ ಪುಡಿ ಮುಟ್ಟದೇ ಇದ್ದದ್ದಕ್ಕೆ ಇದೇ ಕಾರಣ ಅಂತ ಬರೀಬಹುದಾ?

ತುಂಗೆಯ_ಆಚೆದಡ
ಬರೀಬೇಡಿ. ಪುಡಿಯಲ್ಲಿ ಸರಪಳಿಗಳು ಒಂದಕ್ಕೊಂದು ಹೈಡ್ರೋಜನ್ ಬಂಧದಲ್ಲಿ ಕಚ್ಚಿಕೊಂಡು ಹರಳಾಗಿರ್ತವೆ. ನಿಜವಾದ ಸೆಲ್ಯುಲೇಸ್‌ಗಳೇ ಎಷ್ಟೋ ಅದರ ಮೇಲೆ ಒದ್ದಾಡ್ತವೆ. ಪುಡಿ ಕರಗಲಿಲ್ಲ ಅನ್ನೋದು ಆಯ್ಕೆಗುಣಕ್ಕೆ, ಅಂದ್ರೆ ಕಿಣ್ವ ಒಂದು ಅಣು ಬಿಟ್ಟು ಇನ್ನೊಂದನ್ನ ಒಪ್ಪೋದಕ್ಕೆ, ಸಾಕ್ಷಿ ಆಗೋದಿಲ್ಲ. ಸಿಎಂಸಿಯಲ್ಲಿ ಬಂದ ಒಂಚೂರು ಸಕ್ಕರೆಯೇ ಹೆಚ್ಚು ಕುತೂಹಲದ್ದು.

ಸಿಪ್ಪೆರಾಶಿ_ಸಾಗರ
ನನಗೆ ಅರ್ಥ ಆದ ಹಾಗೆ ಹೇಳ್ತೀನಿ, ತಪ್ಪಿದ್ರೆ ತಿದ್ದಿ. ನಮ್ಮ ಅಡಿಕೆ ಸುಲಿಯೋ ಯಂತ್ರದ ಚಾಸಿ ದಪ್ಪ ಕಬ್ಬಿಣದ್ದು, ಎಷ್ಟು ಹೊತ್ತು ಓಡಿಸಿದ್ರೂ ಅದುರಲ್ಲ. ಆದ್ರೆ ಯಾವ ಗಾತ್ರದ ಕಾಯಿ ಸುಲೀತದೆ ಅನ್ನೋದು ಬ್ಲೇಡಿನ ಅಂತರ. ಚಾಸಿ ಗಟ್ಟಿ ಇದೆ ಅಂತ ಗೋಟು ಅಡಿಕೆ ಬಿಟ್ಟು ಹಸಿ ಅಡಿಕೆ ಮಾತ್ರ ತಗೊಳ್ಳಲ್ಲ. ಅಂತರ ಬದಲಿಸಿದ್ರೆ ಚಾಸಿಗೆ ಏನೂ ಆಗಲ್ಲ.

ತುಂಗೆಯ_ಆಚೆದಡ
ಸಾಗರದ ಅಣ್ಣ ಹೇಳಿದ್ದು ಪೂರ್ತಿ ಸರಿ. ಇದಕ್ಕಿಂತ ಚೆನ್ನಾಗಿ ನಾನು ಹೇಳ್ಲಾರೆ.

ಬಿಗಿಪಟ್ಟು
ಪ್ರೋಟೀನಿಗೆ ಚಾಸಿ ಬೇರೆ ಬ್ಲೇಡ್ ಬೇರೆ ಅಂತ ಇಲ್ಲ. ಎಲ್ಲಾ ಒಂದೇ ಸರಪಳಿ. ಸಾಕ್ಷಿ ಕೊಡಿ.

ಕ್ಯಾಸನೂರು_ಪಾಳಿ
ಸಾಕ್ಷಿ ನಾನು ಕೊಡ್ತೇನೆ. ನಾನು ಲ್ಯಾಬ್ ಟೆಕ್ನಿಷಿಯನ್. ಮಂಗನ ಕಾಯಿಲೆ ಸೀಸನ್‌ನಲ್ಲಿ ನಮಗೆ ಪಿಸಿಆರ್ (ಬಿಸಿ-ತಂಪಿನ ಸುತ್ತುಗಳಲ್ಲಿ ಡಿಎನ್‌ಎ ನಕಲು ಹೆಚ್ಚಿಸೋ ವಿಧಾನ) ಬಿಟ್ಟು ಬೇರೆ ಲೋಕವೇ ಇಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಪತ್ತೆಯಾದ ವೈರಸ್ಸು, ಅದರದ್ದು ಆರ್‌ಎನ್‌ಎ. ಅದನ್ನ ಮೊದಲು ಡಿಎನ್‌ಎ ಮಾಡಿ, ಆಮೇಲೆ ಟ್ಯಾಕ್ ಪಾಲಿಮರೇಸ್ ಅನ್ನೋ ಡಿಎನ್‌ಎ ನಕಲು ಮಾಡೋ ಕಿಣ್ವ ಹಾಕಿ ಹೆಚ್ಚಿಸ್ತೇವೆ. ಪ್ರತಿ ಸುತ್ತಲ್ಲೂ 95 ಡಿಗ್ರಿ, ಆದ್ರೂ ಕಿಣ್ವ ಸಾಯಲ್ಲ. ಅಮೆರಿಕದ ಯೆಲ್ಲೋಸ್ಟೋನ್ ಬಿಸಿ ಬುಗ್ಗೆಯಲ್ಲಿ ಥಾಮಸ್ ಬ್ರಾಕ್ ಅವರಿಗೆ ಸಿಕ್ಕಿದ ಥರ್ಮಸ್ ಅಕ್ವಾಟಿಕಸ್ ಬ್ಯಾಕ್ಟೀರಿಯಾದ್ದು ಅದು. ಬ್ಯಾಕ್ಟೀರಿಯಾಕ್ಕೆ ಹೆಸರು ಬಿದ್ದದ್ದು 1969, ಈ ಪಾಲಿಮರೇಸ್ ಶುದ್ಧ ಮಾಡಿದ್ದು 1976.

ಈಗ ವಿಷಯ. ಡಿಎನ್‌ಎ ಅಕ್ಷರ ಓದೋ ಸ್ಯಾಂಗರ್ ವಿಧಾನಕ್ಕೆ ಡೈಡಿಆಕ್ಸಿ ನ್ಯೂಕ್ಲಿಯೋಟೈಡ್ ಬೇಕು (ನ್ಯೂಕ್ಲಿಯೋಟೈಡ್ ಅಂದ್ರೆ ಡಿಎನ್‌ಎಯ ಒಂದೊಂದು ಅಕ್ಷರ). ಅದಕ್ಕೂ ಮಾಮೂಲಿ ನ್ಯೂಕ್ಲಿಯೋಟೈಡಿಗೂ ವ್ಯತ್ಯಾಸ ಒಂದೇ: 3ನೇ ಕಾರ್ಬನ್ ಮೇಲಿನ ಹೈಡ್ರಾಕ್ಸಿಲ್ ಇರೋದಿಲ್ಲ. ಸಹಜ ಟ್ಯಾಕ್ ಇದನ್ನ ಗುರುತಿಸಿ ತಳ್ಳಿಬಿಡ್ತದೆ, ಮಾಮೂಲಿಯದ್ದನ್ನೇ ನೂರಾರು ಸಾವಿರಾರು ಪಟ್ಟು ಹೆಚ್ಚು ಒಪ್ತದೆ. 1995ರಲ್ಲಿ ಟೇಬರ್ ಮತ್ತು ರಿಚರ್ಡ್‌ಸನ್ ತೋರಿಸಿದ್ದು: ಟ್ಯಾಕ್‌ನ 667ನೇ ಜಾಗದ ಫಿನೈಲ್‌ಅಲನಿನ್ ತೆಗೆದು ಟೈರೋಸಿನ್ ಹಾಕಿದ್ರೆ ಆ ತಾರತಮ್ಯ ಹೆಚ್ಚುಕಮ್ಮಿ ಹೋಗಿಬಿಡ್ತದೆ. ಫಿನೈಲ್‌ಅಲನಿನ್‌ಗೂ ಟೈರೋಸಿನ್‌ಗೂ ಇರೋ ವ್ಯತ್ಯಾಸವೂ ಒಂದೇ ಒಂದು ಹೈಡ್ರಾಕ್ಸಿಲ್! ನ್ಯೂಕ್ಲಿಯೋಟೈಡಿನಲ್ಲಿ ಇಲ್ಲದ್ದನ್ನ ಕಿಣ್ವ ತಾನೇ ಒದಗಿಸ್ತದೆ ಅನ್ನೋದು ವಿವರಣೆ.

ಬಿಸಿ ತಡೆಯೋ ಗುಣಕ್ಕೆ ಏನಾಯ್ತು? ಏನೂ ಆಗಲಿಲ್ಲ. ಆಗಿದ್ರೆ ಬಿಸಿ ಸುತ್ತುಗಳಲ್ಲಿ ಸೀಕ್ವೆನ್ಸಿಂಗ್ ಮಾಡೋಕೆ ಅದನ್ನ ಬಳಸ್ತಾನೇ ಇರ್ಲಿಲ್ಲ.

ತುಂಗೆಯ_ಆಚೆದಡ
ಇದಕ್ಕೆ ಒಂದು ಸೇರಿಸ್ತೇನೆ, ಏಕೆಂದ್ರೆ ವಾದ ಇಲ್ಲೇ ತೀರ್ತದೆ. ಟ್ಯಾಕ್‌ನ ಹತ್ತಿರದ ಸಂಬಂಧಿ ಇ. ಕೋಲಿಯ ಡಿಎನ್‌ಎ ಪಾಲಿಮರೇಸ್ 1. ಅದು 37 ಡಿಗ್ರಿಯ ಕಿಣ್ವ, ಪಿಸಿಆರ್ ಬಿಸಿಗೆ ಸತ್ತೇ ಹೋಗ್ತದೆ. ಅದರಲ್ಲೂ ಅದೇ ಜಾಗದಲ್ಲಿ, 762ನೇ ಸ್ಥಾನದಲ್ಲಿ, ಫಿನೈಲ್‌ಅಲನಿನ್ ಇದೆ. ಅದೂ ಡೈಡಿಆಕ್ಸಿಯನ್ನ ತಳ್ತದೆ. ಅಲ್ಲೂ ಟೈರೋಸಿನ್ ಹಾಕಿದ್ರೆ ಅದೂ ಒಪ್ಪಿಕೊಳ್ತದೆ. ಬಿಗಿತವೇ ಕಾರಣ ಆಗಿದ್ರೆ ತಣ್ಣನೆಯ ಕಿಣ್ವ ಯಾಕೆ ಅಷ್ಟೇ ಕಟ್ಟುನಿಟ್ಟು?

ರೈಬೋನ್ಯೂಕ್ಲಿಯೋಟೈಡ್, ಅಂದ್ರೆ ಆರ್‌ಎನ್‌ಎ ಅಕ್ಷರ, ತಡೆಯೋದಕ್ಕೂ ಹೀಗೇ. 2ನೇ ಕಾರ್ಬನ್ ಮೇಲಿನ ಹೈಡ್ರಾಕ್ಸಿಲ್‌ಗೆ ಟ್ಯಾಕ್‌ನಲ್ಲಿ 615ನೇ ಗ್ಲುಟಮೇಟ್ ಅಡ್ಡ ನಿಂತಿದೆ. ಆ ಗ್ಲುಟಮೇಟ್ ಜಾಗಕ್ಕೆ ಚಿಕ್ಕ ಗ್ಲೈಸಿನ್ ಬಂದ್ರೆ ಆರ್‌ಎನ್‌ಎ ಅಕ್ಷರಗಳೂ ಒಳಗೆ ಬರ್ತವೆ.

ಹೊಸನಗರ_ಹುಡುಗ
ಮಂಗನ ಕಾಯಿಲೆ ಟೆಸ್ಟ್ ರಿಪೋರ್ಟ್ ಬರೋಕೆ ಎಷ್ಟು ಹೊತ್ತು ಆಗ್ತದೆ ಅಕ್ಕ? ನಮ್ಮೂರಲ್ಲಿ ಮೊನ್ನೆ ಮಂಗ ಸತ್ತಿತ್ತು.

ಕ್ಯಾಸನೂರು_ಪಾಳಿ
ಮಂಗ ಸತ್ತಿದ್ರೆ ಮುಟ್ಟಬೇಡಿ, ಹತ್ತಿರ ಹೋಗಲೂಬೇಡಿ. ಕಾಯಿಲೆ ಹರಡೋ ಉಣ್ಣೆ (ಉಣುಗು) ಅದರ ಮೈಬಿಟ್ಟು ಸುತ್ತ ಹರಡಿರ್ತದೆ. ಇವತ್ತೇ ಪಿಎಚ್‌ಸಿಗೆ ತಿಳಿಸಿ. ಆ ಕಡೆ ಸೊಪ್ಪು ದರಗು ತರೋಕೆ ಯಾರೂ ಹೋಗೋದು ಬೇಡ. ಯಾರಿಗಾದ್ರೂ ಜ್ವರ ಬಂದ್ರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ ಮಂಗ ಸತ್ತ ವಿಷಯವನ್ನೂ ಹೇಳಿ. ಟೆಸ್ಟಿನ ಬಗ್ಗೆ ಬೇರೆ ಎಳೆ ತೆಗೀರಿ, ಅಲ್ಲಿ ವಿವರವಾಗಿ ಬರೀತೇನೆ.

ಭದ್ರೆ_ದಂಡೆ
ಭದ್ರಾವತಿಯಿಂದ. ಜೀವನ ಪೂರ್ತಿ ಕಾಗದದ ತಿರುಳಿನ ಲ್ಯಾಬಲ್ಲೇ ಕಳೆದವನು. ಝೈಲನೇಸ್ ಅಂತ ಕಂಡಕೂಡಲೇ ಓದಿದೆ. ಈ ಆಯ್ಕೆಗುಣ ವೈವಾಕ್ಕೆ ಮಾತ್ರ ಬೇಕಾದ್ದಲ್ಲ ಮಗಳೇ. ತಿರುಳನ್ನ ಬಿಳಿ ಮಾಡುವಾಗ ಕ್ಲೋರಿನ್ ಕಡಿಮೆ ಮಾಡೋಕೆ ಝೈಲನೇಸ್ ಹಾಕಬಹುದು ಅಂತ 1986ರಲ್ಲಿ ಫಿನ್‌ಲೆಂಡಿನವರು ತೋರಿಸಿದ್ರು. ನಾರಿನ ಮೇಲೆ ಕೂತ ಝೈಲಾನ್ ಸಡಿಲ ಆದ್ರೆ ಅದರ ಜೊತೆ ಅಂಟಿರೋ ಲಿಗ್ನಿನ್ (ಮರಕ್ಕೆ ಗಡಸು ಕೊಡೋ ಕಂದು ಅಂಶ) ಸುಲಭವಾಗಿ ಹೊರಗೆ ಬರ್ತದೆ. ಕ್ಲೋರಿನ್ ಕಡಿಮೆ ಆದ್ರೆ ಹೊಳೆಗೆ ಹೋಗೋ ವಿಷವೂ ಕಡಿಮೆ.

ಆದ್ರೆ ಆ ಕಿಣ್ವದಲ್ಲಿ ಸೆಲ್ಯುಲೇಸ್ ಒಂದು ಚೂರು ಸೇರಿದ್ರೂ ನಾರೇ ತುಂಡಾಗ್ತದೆ, ಕಾಗದದ ಬಲ ಇಳೀತದೆ. ಅದಕ್ಕೇ "ಸೆಲ್ಯುಲೇಸ್ ಇಲ್ಲದ ಝೈಲನೇಸ್" ಅಂತ ಕೇಳಿ ಕೇಳಿ ತರಿಸೋದು. ಬೇಯಿಸಿ ಬಂದ ತಿರುಳು ಬಿಸಿಯಾಗೂ ಇರ್ತದೆ, ಕ್ಷಾರವಾಗೂ ಇರ್ತದೆ. ಬಿಸಿ ಮತ್ತು ಕ್ಷಾರ ಎರಡನ್ನೂ ತಡೆದು, ಝೈಲಾನ್ ಮಾತ್ರ ಕತ್ತರಿಸಬೇಕು. ನಿನ್ನ ರಾಶಿಯಲ್ಲಿ ಅಂಥದ್ದು ಇದ್ರೆ ಅದು ಸಣ್ಣ ವಿಷಯ ಅಲ್ಲ.

ಶಿವಪ್ಪನಾಯಕ_ಸರ್ಕಲ್
1936ರಲ್ಲಿ ಶುರುವಾದ ಎಂಪಿಎಂ (ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್) ನಮ್ಮ ಕಣ್ಣೆದುರೇ ನಿಂತು ಹೋಯ್ತು. ಆ ಸೈರನ್ ಕೇಳಿ ಶಾಲೆಗೆ ಹೊರಡ್ತಿದ್ವಿ ಸರ್.

ಭದ್ರೆ_ದಂಡೆ
ಹೌದಪ್ಪ. ಅದರ ಬಗ್ಗೆ ಬರೆಯೋಕೆ ಕೂತ್ರೆ ಈ ಹುಡುಗಿ ಪ್ರಶ್ನೆ ಮುಳುಗಿ ಹೋಗ್ತದೆ.

ತುಂಗೆಯ_ಆಚೆದಡ
ಭದ್ರಾವತಿ ಸರ್ ಹೇಳಿದ ಬಿಸಿ ಮತ್ತು ಕ್ಷಾರ ತಡೆಯೋ ಝೈಲನೇಸ್‌ನ ರಚನೆ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೇ ಬಿಡಿಸಿದ್ದಾರೆ. ಬ್ಯಾಸಿಲಸ್ ಎನ್‌ಜಿ-27 ಅನ್ನೋ ತಳಿಯದ್ದು, 70 ಡಿಗ್ರಿಯಲ್ಲಿ, ಪಿಎಚ್ 8.4ರಲ್ಲಿ ಚುರುಕು. ಹರಳಿನ ರಚನೆ 2006ರಲ್ಲಿ ಪ್ರಕಟ. ಅದರ ಮೊಟ್ಟಮೊದಲ ಅಮಿನೋ ಆಮ್ಲ ವ್ಯಾಲಿನ್. ಅದನ್ನ ಲ್ಯೂಸಿನ್ ಮಾಡಿದ್ದಕ್ಕೇ ಕರಗುವ ತಾಪ (ಪ್ರೋಟೀನ್ ಬಿಚ್ಚಿಕೊಳ್ಳೋ ತಾಪ) ಸುಮಾರು 5 ಡಿಗ್ರಿ ಏರಿತು. ಮೊದಲ ಅಮಿನೋ ಆಮ್ಲ ಸಕ್ರಿಯ ತಾಣದಿಂದ, ಅಂದ್ರೆ ಬಂಧ ಕತ್ತರಿಸೋ ಜಾಗದಿಂದ, ದೂರ. ಸರಪಳಿಯ ತುದಿ ಬಿಸಿಗೆ ಬಿಚ್ಚಿಕೊಳ್ಳದ ಹಾಗೆ ಹಿಡಿದಿಡೋದಷ್ಟೇ ಅದರ ಕೆಲಸ. ಟ್ಯಾಕ್‌ನಲ್ಲಿ ಒಳಗಿನ ಒಂದು ಗುಂಪು ಬದಲಾಯಿಸಿದಾಗ ಆಯ್ಕೆ ಬದಲಾಯ್ತು, ಬಿಸಿ ತಾಳಿಕೆ ಉಳೀತು. ಇಲ್ಲಿ ತುದಿಯ ಒಂದನ್ನ ಬದಲಾಯಿಸಿದಾಗ ಬಿಸಿ ತಾಳಿಕೆ ಏರಿತು. ಬಿಗಿಪಟ್ಟು ಅವರೇ, ಎರಡೂ ದಿಕ್ಕಿನ ಸಾಕ್ಷಿ ಇದೆ.

ಬಿಗಿಪಟ್ಟು
ಒಪ್ಪಿದೆ, ಆದ್ರೆ ಪೂರ್ತಿ ಅಲ್ಲ. ಇದಕ್ಕೆ ಉತ್ತರ ಹೇಳಿ. ಥರ್ಮೋಅನೇರೋಬ್ಯಾಕ್ಟರ್ ಇಥನಾಲಿಕಸ್‌ನ ಸೆಕೆಂಡರಿ ಆಲ್ಕೊಹಾಲ್ ಡಿಹೈಡ್ರಾಜಿನೇಸ್. ಅದಕ್ಕೆ 2-ಬ್ಯೂಟನಾಲ್ (ಕನ್ನಡಿ ಬಿಂಬದ ಹಾಗೆ ಎರಡು ರೂಪ ಇರೋ ಆಲ್ಕೊಹಾಲ್) ಕೊಟ್ರೆ 26 ಡಿಗ್ರಿಗಿಂತ ಕೆಳಗೆ ಎಡಗೈ ರೂಪ, ಅಂದ್ರೆ ಎಸ್, ಇಷ್ಟ. ಮೇಲೆ ಹೋದ್ರೆ ಆರ್ ರೂಪ ಇಷ್ಟ. 1989ರ ಕೆಲಸ. ಕಿಣ್ವ ಅದೇ, ಒಂದು ಅಮಿನೋ ಆಮ್ಲವೂ ಬದಲಾಗಿಲ್ಲ, ತಾಪ ಬದಲಾದದ್ದಕ್ಕೆ ಆಯ್ಕೆಯೇ ತಲೆಕೆಳಗು. ಹಾಗಾದ್ರೆ ಅಲುಗಾಟಕ್ಕೂ ಆಯ್ಕೆಗೂ ಸಂಬಂಧ ಇಲ್ಲ ಅಂತ ಹೇಗೆ ಹೇಳ್ತೀರಿ?

ತುಂಗೆಯ_ಆಚೆದಡ
ಇದು ಒಳ್ಳೇ ಪ್ರಶ್ನೆ, ಈ ಎಳೆಯಲ್ಲಿ ಬಂದದ್ದರಲ್ಲೇ ಒಳ್ಳೇದು. ಸಂಬಂಧ ಇಲ್ಲ ಅಂತ ನಾನು ಹೇಳಿಲ್ಲ. ಬಿಗಿತದಿಂದ ಆಯ್ಕೆ ಹುಟ್ಟೋದಿಲ್ಲ ಅಂತ ಹೇಳಿದ್ದು.

ಆ ಕಿಣ್ವದ ಜೇಬಲ್ಲಿ ಒಂದು ದೊಡ್ಡ ಜಾಗ, ಒಂದು ಚಿಕ್ಕ ಜಾಗ ಇದೆ. 2-ಬ್ಯೂಟನಾಲ್‌ನ ಒಂದು ಕಡೆ ಮಿಥೈಲ್, ಇನ್ನೊಂದು ಕಡೆ ಇಥೈಲ್. ಗಾತ್ರದಲ್ಲಿ ಅಂಥ ದೊಡ್ಡ ವ್ಯತ್ಯಾಸ ಇಲ್ಲ, ಹಾಗಾಗಿ ಎರಡು ರೂಪಗಳ ಶಕ್ತಿಯ ಅಂತರವೂ ತೀರಾ ಸಣ್ಣದು. ಅಂತರ ಅಷ್ಟು ಸಣ್ಣದಿದ್ದಾಗ ಎಂಟ್ರೊಪಿ (ಅಣುಗಳ ಅಲುಗಾಟದ ಸ್ವಾತಂತ್ರ್ಯ) ಪಾಲು ತಾಪದ ಜೊತೆ ಬೆಳೆದು ತಕ್ಕಡಿಯನ್ನ ಆ ಕಡೆ ವಾಲಿಸಬಹುದು. ಝೈಲಾನ್-ಸೆಲ್ಯುಲೋಸ್ ಪ್ರಶ್ನೆಯಲ್ಲಿ ಡಿಕ್ಕಿ ದೊಡ್ಡದು, ತಾಪ ಏರಿಸಿದ ಮಾತ್ರಕ್ಕೆ ತಲೆಕೆಳಗಾಗೋ ಸಂಭವ ಕಡಿಮೆ.

ನಿಮ್ಮ ಮಾತಿನಿಂದ ಒಂದು ಪಾಠ ಮಂಡಗದ್ದೆ ಅವರಿಗೆ ಬೇಕೇ ಬೇಕು: ಆಯ್ಕೆಗುಣದ ಸಂಖ್ಯೆ ಬರೆಯುವಾಗ ತಾಪವನ್ನೂ ಬರೀಬೇಕು. 37ರಲ್ಲಿ ಅಳೆದು 60ರ ಬಗ್ಗೆ ಮಾತಾಡಬಾರದು.

ಆಗುಂಬೆ_ಮೋಡ
ನಾನು ಆಹಾರ ತಂತ್ರಜ್ಞಾನದವಳು. ಪಾಲಿಮರೇಸ್ ದೂರದ ಉದಾಹರಣೆ ಅನ್ಸಿದ್ರೆ, ಈ ಝೈಲೋಸ್-ಗ್ಲೂಕೋಸ್ ಆರನೇ ಕಾರ್ಬನ್ ಕಥೆಯೇ ನೇರವಾಗಿ ಇನ್ನೊಂದು ಕಡೆ ಇದೆ. ಜೋಳದ ಸಿಹಿ ಪಾಕ ಮಾಡುವಾಗ ಗ್ಲೂಕೋಸನ್ನ ಫ್ರುಕ್ಟೋಸ್ ಮಾಡೋ ಕಿಣ್ವವನ್ನ ಕಾರ್ಖಾನೆಯವರು ಗ್ಲೂಕೋಸ್ ಐಸೋಮರೇಸ್ ಅಂತಾರೆ. ನಿಜಕ್ಕೂ ಅದು ಝೈಲೋಸ್ ಐಸೋಮರೇಸ್; ಪ್ರಕೃತಿಯಲ್ಲಿ ಅದಕ್ಕೆ ಝೈಲೋಸೇ ಇಷ್ಟ.

ಒಂದು ಬಿಸಿಪ್ರಿಯ ಕ್ಲಾಸ್ಟ್ರಿಡಿಯಂನ ಈ ಕಿಣ್ವವನ್ನ ತಗೊಂಡು 1991ರಲ್ಲಿ ಜೀಕಸ್ ಅವರ ಗುಂಪು ಎರಡೇ ಜಾಗ ಬದಲಿಸಿತು. 139ನೇ ಟ್ರಿಪ್ಟೋಫಾನ್ ತೆಗೆದು ಅದಕ್ಕಿಂತ ಚಿಕ್ಕ ಫಿನೈಲ್‌ಅಲನಿನ್ ಹಾಕಿದ್ರು: ಗ್ಲೂಕೋಸ್‌ನ ಆರನೇ ಕಾರ್ಬನ್‌ಗೆ ಜಾಗ ಆಯ್ತು. 186ನೇ ವ್ಯಾಲಿನ್ ತೆಗೆದು ಥ್ರಿಯೋನಿನ್ ಹಾಕಿದ್ರು: ಆ ಆರನೇ ಹೈಡ್ರಾಕ್ಸಿಲ್‌ಗೆ ಹೈಡ್ರೋಜನ್ ಬಂಧ ಕೊಡೋಕೆ ಒಂದು ಗುಂಪು ಸಿಕ್ತು. ಎರಡೂ ಸೇರಿ ಗ್ಲೂಕೋಸ್ ಮೇಲಿನ ದಕ್ಷತೆ ಸುಮಾರು 5 ಪಟ್ಟು ಆಯ್ತು, ಇಷ್ಟ ಝೈಲೋಸಿಂದ ಗ್ಲೂಕೋಸಿಗೆ ತಿರುಗಿತು. ಜಾಗ ಬಿಡಿಸೋದು ಒಂದು, ಹಿಡಿತ ಕೊಡೋದು ಇನ್ನೊಂದು. ನನಗೆ ಈ ಕೆಲಸ ಎಷ್ಟು ಇಷ್ಟ ಅಂದ್ರೆ ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಇದನ್ನೇ ಮೊದಲು ಹೇಳ್ತೇನೆ.

ಮಂಡಗದ್ದೆ_ಹಕ್ಕಿ
ಅಕ್ಕಾ, ಇದು ನನ್ನ ಪೀಠಿಕೆಗೆ ಸರಿಯಾಗಿ ಕೂರ್ತದೆ. ತುಂಬಾ ಥ್ಯಾಂಕ್ಸ್.

ಸೀತಾನದಿ
ಬಿಸಿ ತಡೆಯೋ ಬ್ಯಾಕ್ಟೀರಿಯಾ ಬೇಕಾದ್ರೆ ಪುತ್ತೂರಿನ ಬೆಂದ್ರುತೀರ್ಥಕ್ಕೆ ಹೋಗಿ ಮಾರಾಯ್ರೆ. ಬಿಸಿನೀರಿನ ಬುಗ್ಗೆ ಉಂಟು.

ಕ್ಯಾಸನೂರು_ಪಾಳಿ
ಅಲ್ಲಿ ನೀರು 40 ಡಿಗ್ರಿ ಆಸುಪಾಸು ಅಷ್ಟೇ. ಇವರ ಸಿಪ್ಪೆ ರಾಶಿಯೇ ಅದಕ್ಕಿಂತ ಬಿಸಿ.

ಸಿಪ್ಪೆರಾಶಿ_ಸಾಗರ
ಒಂದು ಪ್ರಶ್ನೆ. ಈ ಕಿಣ್ವದ ಪುಡಿ ತಂದು ಎರಚಿದ್ರೆ ಸಿಪ್ಪೆ ಬೇಗ ಗೊಬ್ಬರ ಆಗ್ತದಾ? ಸುಲಿದ ಸಿಪ್ಪೆ ರಸ್ತೆ ಬದಿ ಸುರಿಯೋದು, ಬೆಂಕಿ ಹಾಕೋದು ನೋಡಿ ನೋಡಿ ಬೇಜಾರಾಗಿದೆ. ಹೊಗೆಯಿಂದ ಮಕ್ಕಳಿಗೆ ಕೆಮ್ಮು.

ಭದ್ರೆ_ದಂಡೆ
ಪುಡಿಗೆ ದುಡ್ಡು ಹಾಕಬೇಡಿ. ಸಿಪ್ಪೆಯಲ್ಲಿ ಝೈಲಾನ್ ಮಾತ್ರ ಇಲ್ಲ; ಸೆಲ್ಯುಲೋಸ್, ಲಿಗ್ನಿನ್ ಎಲ್ಲಾ ಹೆಣೆದುಕೊಂಡಿವೆ. ಒಂದನ್ನೇ ಕತ್ತರಿಸೋ ಶುದ್ಧ ಕಿಣ್ವ ಕಾಗದಕ್ಕೆ ಚಿನ್ನ, ಗೊಬ್ಬರಕ್ಕೆ ಸಾಲದು. ಅಲ್ಲಿ ಎಲ್ಲಾ ಥರದ ಜೀವಿಗಳೂ ಬೇಕು. ಸಿಪ್ಪೆ ಕೊಚ್ಚಿ, ಸಗಣಿ ಬಗ್ಗಡ ಮತ್ತು ಹಸಿರು ಸೊಪ್ಪು ಸೇರಿಸಿ, ಒದ್ದೆ ಆರದ ಹಾಗೆ ನೋಡಿ, ಆಗಾಗ ಮಗುಚಿ. ಸಾರಜನಕ ಇಲ್ಲದೆ ಆ ಜೀವಿಗಳು ಕಿಣ್ವ ಮಾಡೋದಾದ್ರೂ ಹೇಗೆ?

ಆಗುಂಬೆ_ಮೋಡ
ಸಿಪ್ಪೆಯ ಫೀನಾಲಿಕ್ ಅಂಶಗಳು ಪ್ರೋಟೀನಿಗೆ ಅಂಟ್ಕೊಳ್ತವೆ, ಅದೂ ತೊಂದರೆ. ಹೊರಗಿಂದ ಹಾಕಿದ ಕಿಣ್ವ ಬೇಗ ಸುಮ್ಮನಾಗಬಹುದು.

ತುಂಗೆಯ_ಆಚೆದಡ
ಸಿಎಂಸಿಯ ಒಂಚೂರು ಸಕ್ಕರೆಗೆ ವಾಪಸ್ ಬರ್ತೇನೆ. ಮಂಡಗದ್ದೆ, ನೀವು ಅಳೆದದ್ದು ಶುದ್ಧ ಕಿಣ್ವವಾ, ಬ್ಯಾಕ್ಟೀರಿಯಾ ಬೆಳೆದ ದ್ರವವನ್ನ ಸೋಸಿದ್ದಾ? ಸೋಸಿದ್ದಾದ್ರೆ ಅದರಲ್ಲಿ ಹತ್ತಾರು ಕಿಣ್ವ ಇರ್ತವೆ. ಒಂದೇ ಕಿಣ್ವ ಸಡಿಲವಾಗಿ ಎರಡನ್ನೂ ಕತ್ತರಿಸ್ತಿದೆಯಾ, ಇಲ್ಲಾ ಪಕ್ಕದಲ್ಲಿ ಒಂದು ಸೆಲ್ಯುಲೇಸ್ ಇದೆಯಾ ಗೊತ್ತಾಗಲ್ಲ. ಇಲ್ಲಿ ಬಿಸಿಯನ್ನೇ ಪರೀಕ್ಷೆಗೆ ಬಳಸಿ. ದ್ರವವನ್ನ 70 ಡಿಗ್ರಿಯಲ್ಲಿಟ್ಟು ಆಗಾಗ ಸ್ವಲ್ಪ ಸ್ವಲ್ಪ ತೆಗೆದು ಐಸಿಗೆ ಹಾಕಿ, ಆಮೇಲೆ ಎಲ್ಲವನ್ನೂ ಎರಡೂ ಸಬ್‌ಸ್ಟ್ರೇಟ್ ಮೇಲೆ ಅಳೀರಿ. ಎರಡೂ ಚಟುವಟಿಕೆ ಒಂದೇ ವೇಗದಲ್ಲಿ ಇಳಿದ್ರೆ ಒಂದೇ ಕಿಣ್ವ ಇರಬಹುದು.

ಮಂಡಗದ್ದೆ_ಹಕ್ಕಿ
ಮಾಡಿದೆ ಸರ್! 70 ಡಿಗ್ರಿಯಲ್ಲಿ ಸಿಎಂಸಿ ಚಟುವಟಿಕೆ ಬೇಗ ಪೂರ್ತಿ ಹೋಯ್ತು. ಝೈಲಾನ್ ಮೇಲಿನದ್ದು ಬಹುಪಾಲು ಉಳಿದಿದೆ. ಎರಡು ಕಿಣ್ವ ಅಂತಾಯ್ತಲ್ಲ?

ಬಿಗಿಪಟ್ಟು
ಅವಸರ ಬೇಡ. ಒಂದೇ ಸರಪಳಿಯಲ್ಲಿ ಎರಡು ಡೊಮೇನ್ (ಸ್ವಂತವಾಗಿ ಮಡಚಿಕೊಳ್ಳೋ ಭಾಗ) ಇರೋ ಕಿಣ್ವಗಳೂ ಇವೆ. ಕ್ಯಾಲ್ಡಿಸೆಲ್ಯುಲೋಸಿರಪ್ಟರ್ ಅನ್ನೋ ಬಿಸಿಪ್ರಿಯ ಬ್ಯಾಕ್ಟೀರಿಯಾದ ಸೆಲ್‌ಎ ಕಿಣ್ವ ನೋಡಿ, ಒಂದೇ ಪ್ರೋಟೀನಿನಲ್ಲಿ ಎರಡು ಬೇರೆ ಕುಟುಂಬದ ಕತ್ತರಿಸೋ ಡೊಮೇನ್. ನಿಮ್ಮದರಲ್ಲಿ ಒಂದು ಡೊಮೇನ್ ಮಾತ್ರ ಬಿಸಿಗೆ ಬಿಚ್ಚಿರಬಹುದು.

ತುಂಗೆಯ_ಆಚೆದಡ
ಬಿಗಿಪಟ್ಟು ಹೇಳಿದ್ದು ಸರಿ. ಝೈಮೋಗ್ರಾಂ ಮಾಡಿ, ಅಂದ್ರೆ ಪ್ರೋಟೀನ್‌ಗಳನ್ನ ಗಾತ್ರದ ಮೇಲೆ ಬೇರ್ಪಡಿಸೋ ಜೆಲ್ ಒಳಗೇ ಸಬ್‌ಸ್ಟ್ರೇಟ್ ಸೇರಿಸಿ. ಒಂದು ಜೆಲ್‌ನಲ್ಲಿ ಝೈಲಾನ್, ಇನ್ನೊಂದರಲ್ಲಿ ಸಿಎಂಸಿ, ಎರಡಕ್ಕೂ ಒಂದೇ ದ್ರವ. ಪಟ್ಟೆ ಬೇರೆ ಬೇರೆ ಎತ್ತರದಲ್ಲಿ ಬಂದ್ರೆ ಎರಡು ಪ್ರೋಟೀನ್. ಇನ್ನೊಂದು ಲಾಭವೂ ಇದೆ. ಝೈಲಾನ್ ಪಟ್ಟೆ 20 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಹತ್ತಿರ ಬಂದ್ರೆ ಬಹುಶಃ ಸಕ್ಕರೆ ಸರಪಳಿ ಕತ್ತರಿಸೋ ಕಿಣ್ವಗಳ 11ನೇ ಕುಟುಂಬ: ಸೀಳು ಆಳ ಮತ್ತು ಇಕ್ಕಟ್ಟು, ಹೆಚ್ಚು ಕವಲಿಲ್ಲದ ಝೈಲಾನ್ ಇಷ್ಟ. 40ರ ಹತ್ತಿರ ಬಂದ್ರೆ 10ನೇ ಕುಟುಂಬ ಇರಬಹುದು: ಬ್ಯಾರೆಲ್ ಆಕಾರ, ಸೀಳು ಅಷ್ಟು ಆಳ ಇಲ್ಲ, ಕವಲುಗಳ ಹತ್ತಿರವೂ ಕತ್ತರಿಸ್ತದೆ, ಇನ್ನೂ ಚಿಕ್ಕ ತುಂಡು ಮಾಡ್ತದೆ. ಗಾತ್ರ ಸುಳಿವು ಮಾತ್ರ, ಕುಟುಂಬ ಖಚಿತ ಮಾಡೋಕೆ ಜೀನ್ ಓದಿಸಲೇಬೇಕು.

ಮಂಡಗದ್ದೆ_ಹಕ್ಕಿ
ಜೆಲ್ ಓಡಿಸಿದ ಮೇಲೆ ಬಣ್ಣಕ್ಕೆ ಎಂತ ಹಾಕೋದು? ನಮ್ಮಲ್ಲಿ ಕಾಂಗೋ ರೆಡ್ ಇದೆ.

ಕ್ಯಾಸನೂರು_ಪಾಳಿ
ಅದೇ ಸಾಕು. ಮೊದಲು ಟ್ರೈಟಾನ್ ಎಕ್ಸ್-100 ಇರೋ ಬಫರಲ್ಲಿ ತೊಳೆದು ಎಸ್‌ಡಿಎಸ್ (ಜೆಲ್‌ಗೆ ಹಾಕಿದ, ಪ್ರೋಟೀನ್ ಬಿಚ್ಚೋ ಸಾಬೂನಿನಂಥದ್ದು) ತೆಗೀರಿ, ಇಲ್ಲಾಂದ್ರೆ ಕಿಣ್ವ ಮತ್ತೆ ಮಡಚಿಕೊಳ್ಳಲ್ಲ. ಆಮೇಲೆ 60 ಡಿಗ್ರಿಯ ಬಫರಲ್ಲಿಡಿ. ಸಿಎಂಸಿ ಜೆಲ್ ಅನ್ನ 50ರಲ್ಲಿಡಿ, ಆ ಕಿಣ್ವ ಬಿಸಿಗೆ ಹೆದರೋದು ಈಗಷ್ಟೇ ಕಂಡಿದ್ದೀರಿ. ನಂತರ 0.1 ಶೇಕಡ ಕಾಂಗೋ ರೆಡ್, ತೊಳೆಯೋಕೆ 1 ಮೋಲಾರ್ ಉಪ್ಪುನೀರು. ಕೆಂಪು ಹಿನ್ನೆಲೆಯಲ್ಲಿ ತಿಳಿ ಪಟ್ಟೆ ಕಾಣ್ತದೆ. ಕೈಗೆ ಗ್ಲೌಸ್ ಹಾಕ್ಕೊಳ್ಳಿ, ಆ ಬಣ್ಣ ಒಳ್ಳೇದಲ್ಲ. ಫೋಟೋ ಇಲ್ಲೇ ಹಾಕಿ.